ಫಲಕ ಬದಲಾಗಲಿ, ನಮ್ಮ ಅರ್ಧ ಗಂಟೆ ಕೊಡಿ

ಚಾನೆಲ್ಲಿನ ಹೆಸರು ಬದಲಾದರೆ ಮೊದಲು ಬೈಸಿಕೊಳ್ಳುವವನು ಊರಿನ ಕೇಬಲ್‌ನವನು. ಮಾರಿದ ಮಾಲೀಕ ಹೈದರಾಬಾದಿನಲ್ಲಿರುತ್ತಾನೆ, ಕೊಂಡ ಕಂಪನಿ ಮುಂಬೈಯಲ್ಲಿರುತ್ತದೆ. ಜನರ ಕೈಗೆ ಸಿಗುವವನು ತಿಂಗಳ ಕೊನೆಗೆ ರೊಕ್ಕ ವಸೂಲಿಗೆ ಬರುವ ನನ್ನಂಥವನೇ. ಚಿಂಚೋಳಿ ತಾಲ್ಲೂಕಿನ ಐನಾಪುರದಲ್ಲಿ ಬಹಳ ವರ್ಷ ಕೇಬಲ್ ನಡೆಸಿದ್ದೇನೆ. ಮಾಳಿಗೆಯ ಮೇಲೆ ಡಿಶ್, ಕೆಳಗಿನ ಕೋಣೆಯಲ್ಲಿ ಚಾನೆಲ್ಲಿಗೊಂದು ರಿಸೀವರ್, ಒಂದು ಮಾಡ್ಯುಲೇಟರ್, ಕಂಬದಿಂದ ಬೇವಿನ ಮರಕ್ಕೆ, ಮರದಿಂದ ಇನ್ನೊಂದು ಮಾಳಿಗೆಗೆ ಎಳೆದ ಕರಿ ವಾಯರು. ಮಂಗ ಜೋತುಬಿದ್ದರೆ ಅರ್ಧ ಓಣಿಗೆ ಟಿವಿ ಬಂದ್.

2015ರ ಏಪ್ರಿಲ್‌ನಲ್ಲಿ ಈಟಿವಿ ಕನ್ನಡ ಹೋಗಿ ಕಲರ್ಸ್ ಕನ್ನಡ ಬಂತು. ಧಾರಾವಾಹಿ ಅದೇ, ನಂಬರ್ ಅದೇ, ಮೂಲೆಯ ಚಿಹ್ನೆ ಮಾತ್ರ ಬೇರೆ. ಆದರೆ ಓದಲು ಬಾರದವರು ಚಾನೆಲ್ ಗುರುತು ಹಿಡಿಯುವುದೇ ಆ ಚಿಹ್ನೆಯಿಂದ. ನಮ್ಮ ಓಣಿಯ ಆಯಿಯೊಬ್ಬರು ರಿಮೋಟ್ ಒತ್ತಿ ಒತ್ತಿ ಹಳೆಯ ಚಿಹ್ನೆಯನ್ನೇ ಹುಡುಕಿ ತೆಗೆದರು. ಸಿಕ್ಕಿದ್ದು ತೆಲುಗಿನ ಈಟಿವಿ.

“ಯಾಕಪಾ ತಮ್ಮಾ, ತಿಂಗಳಾ ರೊಕ್ಕ ಬರೋಬರಿ ಕೊಡ್ತೀವಿ, ನಮ್ಮ ಈಟಿವಿದವ್ರು ತೆಲುಗು ಯಾಕ ಮಾತಾಡ್ಲಕತ್ಯಾರ?”

“ಅದು ಬ್ಯಾರೆ ಆಯಿ. ನಿಮ್ಮುದಕ್ಕ ಹೆಸರು ಬದಲಾಗ್ಯದ. ಮೊದಲಿನ ನಂಬರ್‌ದಾಗೇ ಬರ್ತದ ನೋಡ್ರಿ.”

“ಹೆಸರು ಬದಲಿ ಮಾಡಾಮುಂದ ನಮಗೊಂದು ಮಾತು ಕೇಳಬಾರ್ದಾ?”

ನಾನು ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ನಗುವಂಥದ್ದಲ್ಲ ಎಂದು ಈಚೆಗೆ ಹೆಚ್ಚು ಹೆಚ್ಚಾಗಿ ಅನ್ನಿಸುತ್ತಿದೆ. ನಾವು ಕೂಲಿ ಬಿಟ್ಟು, ತೊಗರಿ ಒಕ್ಕುವುದು ಬಿಟ್ಟು ದಿನಾ ಸಂಜೆ ನೋಡುವ ಚಾನೆಲ್ ಮೇಲೆ ನಮ್ಮ ಜಿಲ್ಲೆಯ ಹಕ್ಕು ಎಷ್ಟು? ಈಗಿನ ಲೆಕ್ಕದಲ್ಲಿ ಏನೂ ಇಲ್ಲ.

ಕೇಬಲ್‌ನವನ ನೆನಪಿನಲ್ಲಿ ಚಾನೆಲ್ಲುಗಳ ವಂಶಾವಳಿ ಇರುತ್ತದೆ, ಸ್ವಲ್ಪ ಹೇಳಿಬಿಡುತ್ತೇನೆ. 1994ರ ಜೂನ್‌ನಲ್ಲಿ ಉದಯ ಬಂತು, ಚೆನ್ನೈನ ಸನ್ ಬಳಗದ್ದು. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ, ರಾಮೋಜಿ ರಾಯರದು, ಹೈದರಾಬಾದಿನದು. 2006ರಲ್ಲಿ ಜೀ ಕನ್ನಡ, 2007ರಲ್ಲಿ ಏಷ್ಯಾನೆಟ್ ಸುವರ್ಣ. ಈಟಿವಿಯ ಕನ್ನಡ, ಮರಾಠಿ, ಬಂಗಾಳಿ ಚಾನೆಲ್ಲುಗಳನ್ನು ರಾಮೋಜಿ ಬಳಗ ಕೈಬಿಟ್ಟು ತೆಲುಗನ್ನು ಮಾತ್ರ ಇಟ್ಟುಕೊಂಡಿತು, ಹಾಗಾಗಿಯೇ ಆಯಿಗೆ ಆ ಗೊಂದಲ. ಸುವರ್ಣ 2016ರ ಜುಲೈಯಲ್ಲಿ ಸ್ಟಾರ್ ಸುವರ್ಣ ಆಯಿತು. ನಮ್ಮೂರ ಮುಸ್ಲಿಂ ಮನೆಗಳಲ್ಲಿ ಬಹಳ ನೋಡುತ್ತಿದ್ದ ಈಟಿವಿ ಉರ್ದು 2018ರಲ್ಲಿ ನ್ಯೂಸ್18 ಉರ್ದು ಆಯಿತು. ಬಿಗ್ ಬಾಸ್ ಕನ್ನಡದ ಮೊದಲ ಸೀಸನ್ 2013ರಲ್ಲಿ ಈಟಿವಿಯಲ್ಲಿ, ಎರಡನೆಯದು 2014ರಲ್ಲಿ ಸುವರ್ಣದಲ್ಲಿ, ಮೂರನೆಯದು 2015ರಲ್ಲಿ ಕಲರ್ಸ್‌ನಲ್ಲಿ. ನಡೆಸಿಕೊಡುವವರು ಸುದೀಪ್ ಅವರೇ, ಮನೆ ಮಾತ್ರ ಬೇರೆ ಬೇರೆ. ಪ್ರತಿ ಸಲ “ಈ ಸಲ ಯಾವುದ್ರಾಗ?” ಅಂತ ಫೋನು.

ಇಷ್ಟರ ಮೇಲೆ 2024ರ ನವೆಂಬರಿನಲ್ಲಿ ಆದದ್ದಂತೂ ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ. ರಿಲಯನ್ಸ್‌ನ ವಯಾಕಾಮ್18 ಮತ್ತು ಡಿಸ್ನಿಯ ಸ್ಟಾರ್ ಸೇರಿ ಜಿಯೋಸ್ಟಾರ್ ಎಂಬ ಒಂದೇ ಕಂಪನಿ ಆಯಿತು. ಅಂದರೆ ರಾತ್ರಿ ಒಂಬತ್ತಕ್ಕೆ ಕಲರ್ಸ್ ಕನ್ನಡವೋ ಸ್ಟಾರ್ ಸುವರ್ಣವೋ ಎಂದು ಅತ್ತೆ ಸೊಸೆ ರಿಮೋಟಿಗಾಗಿ ಜಗಳವಾಡಿದರೆ, ಯಾರು ಗೆದ್ದರೂ ದುಡ್ಡು ಸೇರುವುದು ಒಂದೇ ಪೆಟ್ಟಿಗೆಗೆ. ಇಲ್ಲಿ ಫಲಕವನ್ನೂ ಬದಲಿಸಲಿಲ್ಲ. ಹಾಗಾಗಿ ಯಾರೂ ನನ್ನನ್ನು ಬೈಯಲಿಲ್ಲ. ಹೆಸರು ಬದಲಾದರೆ ಕೇಳುತ್ತೇವೆ, ಮಾಲೀಕ ಬದಲಾದರೆ ಕೇಳುವುದಿಲ್ಲ. ಎರಡರಲ್ಲಿ ಯಾವುದು ದೊಡ್ಡದೆಂದು ಓದುಗರೇ ಹೇಳಲಿ.

ಹೆಸರು ಬದಲಾವಣೆ ನಮ್ಮ ಸೀಮೆಗೆ ಹೊಸದೇನಲ್ಲ. ಗುಲ್ಬರ್ಗ 2014ರ ರಾಜ್ಯೋತ್ಸವಕ್ಕೆ ಕಲಬುರಗಿ ಆಯಿತು. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಎಸ್‌ಬಿಐನಲ್ಲಿ ಕರಗಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು, ಆಮೇಲೆ ಬಸ್ಸಿನ ಮೈಮೇಲಿನ ಈಶಾನ್ಯ ಸಾರಿಗೆ ಅಳಿಸಿ ಕಲ್ಯಾಣ ಕರ್ನಾಟಕ ಸಾರಿಗೆ ಬರೆದರು. ವಾಡಿಯ ಎಸಿಸಿ ಕಾರ್ಖಾನೆಯ ಮಾಲೀಕತ್ವ 2022ರಲ್ಲಿ ಅದಾನಿ ಬಳಗಕ್ಕೆ ಹೋಯಿತು. ಆದರೆ ಹೆಸರು ಏನೇ ಆಗಲಿ, ಚಿಂಚೋಳಿ ಬಸ್ಸು ಚಿಂಚೋಳಿಗೇ ಬರುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಸರದಿ ನಿಲ್ಲುವ ಜಾಗ ಅದೇ. ಕಾರ್ಖಾನೆಯ ಧೂಳು ವಾಡಿಯ ಮೇಲೆಯೇ ಬೀಳುತ್ತದೆ. ಇವೆಲ್ಲ ಇಲ್ಲೇ ಊರಿಕೊಂಡವು, ಎತ್ತಿಕೊಂಡು ಹೋಗಲಾಗದವು. ಚಾನೆಲ್ ಹಾಗಲ್ಲ. ಅದು ಎಂದೂ ಇಲ್ಲಿ ಊರಿಕೊಳ್ಳಲೇ ಇಲ್ಲ.

ಇಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ಒಂದು ಕಾಲಕ್ಕೆ ಊರಿಕೊಂಡಿತ್ತು, ಅದೂ ಬೆಂಗಳೂರಿಗಿಂತ ಮೊದಲು. ನಮ್ಮ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

1975ರ ಆಗಸ್ಟ್ 1ರಿಂದ ಒಂದು ವರ್ಷ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಇಸ್ರೋ ಮತ್ತು ಆಕಾಶವಾಣಿ ಬಳಸಿಕೊಂಡು ಆರು ರಾಜ್ಯಗಳ 2400 ಹಳ್ಳಿಗಳಿಗೆ ನೇರವಾಗಿ ಟಿವಿ ಮುಟ್ಟಿಸಿದವು. ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಗುಲ್ಬರ್ಗ, ರಾಯಚೂರು, ಬಿಜಾಪುರ. ಮೈಸೂರಲ್ಲ, ಬೆಂಗಳೂರಲ್ಲ. ಕೋಳಿಗೂಡಿನ ಜಾಳಿಗೆಯಂಥ ತಂತಿಯಿಂದ ಮಾಡಿದ ಹತ್ತಡಿ ಅಗಲದ ಡಿಶ್, ಊರಿಗೊಂದು ಸಮುದಾಯ ಟಿವಿ, ಮುಂಜಾನೆ ಶಾಲಾ ಮಕ್ಕಳಿಗೆ, ಸಂಜೆ ಎಲ್ಲರಿಗೆ. ಕನ್ನಡ ಕಾರ್ಯಕ್ರಮ ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ವರ್ಷ ಮುಗಿಯಿತು, ಅಮೆರಿಕ ತನ್ನ ಉಪಗ್ರಹ ತಾನು ತೆಗೆದುಕೊಂಡು ಹೋಯಿತು. ಡಿಶ್ ಬೋರಲು ಬಿತ್ತು.

ಆದರೆ ಆಗಿನ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು. ರುಚಿ ಹತ್ತಿಸಿ ಕೈ ಬಿಡಬಾರದೆಂದು ಪ್ರಯೋಗ ನಡೆದ ಕಡೆಗಳಲ್ಲಿ ಭೂಮಿಯ ಮೇಲಿನ ಟವರ್ ಕಟ್ಟಿತು. 1977ರಲ್ಲಿ ಗುಲ್ಬರ್ಗಕ್ಕೆ ಟಿವಿ ಟವರ್ ಬಂತು. ರಾಜಧಾನಿಯಲ್ಲಿ ಟಿವಿ ಕೇಂದ್ರ ಇಲ್ಲದಾಗ ನಮ್ಮ ಜಿಲ್ಲೆಯಲ್ಲಿತ್ತು. ಆಕಾಶವಾಣಿ ಅದಕ್ಕಿಂತ ಮೊದಲೇ, 1966ರಿಂದ ಇತ್ತು. ಕಲಬುರಗಿಯಿಂದ ಇಷ್ಟು ದೂರದ ನಮ್ಮೂರಿಗೆ ಸಿಗ್ನಲ್ ಎಳೆಯಲು ಎರಡು ಬಿದಿರು ಜೋಡಿಸಿ ಆಂಟೆನಾ ಏರಿಸಬೇಕಿತ್ತು, ಬೂಸ್ಟರ್ ಹಾಕಬೇಕಿತ್ತು. ಒಬ್ಬ ಮಾಳಿಗೆಯ ಮೇಲೆ ನಿಂತು ತಿರುಗಿಸಬೇಕು, ಒಬ್ಬ ಕೆಳಗಿನಿಂದ “ಹಾಂ, ಬಂತು, ಬಂತು... ಹೋಯ್ತು” ಅನ್ನಬೇಕು. ನನ್ನ ಧಂಧೆಯ ಮೊದಲ ಪಾಠ ಕಲಿತದ್ದೇ ಅಲ್ಲಿ.

ಆ ಟವರಿನ ಮುಂದಿನ ಕಥೆಯೆಂದರೆ ಯಜಮಾನರು ಬದಲಾಗುತ್ತ ಹೋದ ಕಥೆ. ಮೊದಲು ಹೈದರಾಬಾದಿನ ಕಡೆ ಮುಖ. ಆಮೇಲೆ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ. ಆಮೇಲೆ ಬೆಂಗಳೂರಿನ ಡಿಡಿ-9, ಅದೇ ಮುಂದೆ ಚಂದನ. ಕೇಂದ್ರ ಇಲ್ಲೇ ಇತ್ತು, ಬಾಯಿ ಮಾತ್ರ ಬೇರೆಯವರದು.

ಇದೇ ಹೊತ್ತಿಗೆ ಅಮೆರಿಕದ ಮಾತು ತೆಗೆಯುತ್ತೇನೆ. ಕಾರಣ ಉಂಟು. ನನ್ನ ಅಕ್ಕನ ಮಗ ಅಟ್ಲಾಂಟಾದಲ್ಲಿ ಕೆಲಸಕ್ಕಿದ್ದಾನೆ. 2025ರ ಆಗಸ್ಟ್‌ನಲ್ಲಿ ವಿಡಿಯೊ ಕಾಲ್ ಮಾಡಿ, “ಮಾಮಾ, ನಿಂದು ಬೈಗುಳದ ಕಥಿ ಇಲ್ಲೀನೂ ಶುರು ಆಗ್ಯದ” ಅಂದ. ಅಲ್ಲಿಯ 46ನೇ ಚಾನೆಲ್ ಸಿಬಿಎಸ್ ಜಾಲದಿಂದ ಹೊರಬಂದಿತ್ತು. ಸಿಬಿಎಸ್ ತನ್ನದೇ ಮಾಲೀಕತ್ವದ 69ನೇ ಚಾನೆಲ್ಲಿಗೆ ಗಂಟುಮೂಟೆ ಕಟ್ಟಿತ್ತು.

ಅವನ ಮಾತಿನಿಂದ ಶುರುವಾಗಿ ನಾನು ಒಂದಿಷ್ಟು ಓದಿಕೊಂಡೆ. ಅಲ್ಲಿಯ ಪದ್ಧತಿ ನಮ್ಮದರ ತಿರುಗುಮುರುಗು. ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್ ಎಂಬ ದೊಡ್ಡ ಜಾಲಗಳು ಧಾರಾವಾಹಿ, ಆಟ, ರಾಷ್ಟ್ರದ ಸುದ್ದಿ ಒದಗಿಸುತ್ತವೆ. ಅದನ್ನು ಜನರಿಗೆ ಮುಟ್ಟಿಸುವುದು ಊರೂರಿನ ಟಿವಿ ಠಾಣೆಗಳು. ಕೆಲವು ಠಾಣೆಗಳು ಜಾಲದ್ದೇ ಆಸ್ತಿ, ಹೆಚ್ಚಿನವು ಬೇರೆಯವರವು, ಕರಾರಿನ ಮೇಲೆ ಜಾಲದ ಜೊತೆ ಇರುವಂಥವು. ಕರಾರು ಮುಗಿದರೆ ಜಾಲ ಇನ್ನೊಂದು ಠಾಣೆಗೆ ಹೋಗಬಹುದು. ಠಾಣೆ ಊರು ಬಿಟ್ಟು ಹೋಗುವಂತಿಲ್ಲ. ಅದರ ಪರವಾನಗಿ ಒಂದು ಊರಿನ ಹೆಸರಿಗೆ ಕೊಟ್ಟದ್ದು. ಗಂಟೆಗೊಮ್ಮೆ ತನ್ನ ಗುರುತಿನ ಅಕ್ಷರದ ಜೊತೆ ಆ ಊರಿನ ಹೆಸರನ್ನು ಹೇಳಲೇಬೇಕೆಂಬ ನಿಯಮ ಅಲ್ಲುಂಟು.

ಅಟ್ಲಾಂಟಾದಲ್ಲಿ ಇದು ಎರಡನೆಯ ಸಲ. 1993ರ ಡಿಸೆಂಬರಿನಲ್ಲಿ ಆಗಿನ್ನೂ ಚಿಕ್ಕದಾಗಿದ್ದ ಫಾಕ್ಸ್ ಜಾಲ 158 ಕೋಟಿ ಡಾಲರ್ ಹೇಳಿ ಅಮೆರಿಕನ್ ಫುಟ್‌ಬಾಲ್‌ನ ಹಕ್ಕನ್ನು ಸಿಬಿಎಸ್‌ನ ಕೈಯಿಂದ ಕಿತ್ತುಕೊಂಡಿತು. ಆಟ ಸಿಕ್ಕಿತು, ತೋರಿಸಲು ಗಟ್ಟಿ ಠಾಣೆಗಳಿಲ್ಲ. 1994ರ ಮೇ ತಿಂಗಳಲ್ಲಿ ನ್ಯೂ ವರ್ಲ್ಡ್ ಎಂಬ ಕಂಪನಿಯಲ್ಲಿ 50 ಕೋಟಿ ಡಾಲರ್ ಹಾಕಿ, ಅದರ ಹನ್ನೆರಡು ಠಾಣೆಗಳನ್ನು ತನ್ನ ಕಡೆ ಎಳೆದುಕೊಂಡಿತು. ಅಟ್ಲಾಂಟಾದ 5ನೇ ಚಾನೆಲ್ 1949ರಿಂದ ಸಿಬಿಎಸ್ ಜೊತೆಗಿದ್ದದ್ದು 1994ರ ಡಿಸೆಂಬರಿನಲ್ಲಿ ಫಾಕ್ಸ್ ಆಯಿತು. ಸಿಬಿಎಸ್ ಓಡಿ ಹೋಗಿ 46ನೇ ಚಾನೆಲ್ ಹಿಡಿಯಿತು. ಮೂವತ್ತು ವರ್ಷ ಸಂಸಾರ ಮಾಡಿ ಅದನ್ನೂ ಬಿಟ್ಟಿದೆ. ಬಿಟ್ಟ ಮೇಲೆ 46 ಏನು ಮಾಡಿತು? ಮುಚ್ಚಲಿಲ್ಲ. ಇನ್ನಷ್ಟು ಹೊತ್ತು ಅಟ್ಲಾಂಟಾದ ಸುದ್ದಿಯನ್ನೇ ತೋರಿಸುತ್ತಿದೆ. ಅದೇ 2025ರ ಆಗಸ್ಟ್‌ನಲ್ಲಿ ಮಯಾಮಿಯಲ್ಲಿ ಡಬ್ಲ್ಯೂಪಿಎಲ್‌ಜಿ ಎಂಬ ಠಾಣೆಯೂ ಎಬಿಸಿಯ ಕೈ ಬಿಟ್ಟು ಹಾಗೆಯೇ ಮಾಡಿತು.

ಎಲ್ಲ ಕಡೆ ಹಾಗಾಗಿಲ್ಲ, ಅದನ್ನೂ ಹೇಳಬೇಕು. ಡೆಟ್ರಾಯ್ಟ್‌ನಲ್ಲಿ 1975ರಲ್ಲಿ, ನಮ್ಮ ಸೈಟ್ ಶುರುವಾದ ವರ್ಷವೇ, ಕರಿಯರ ಮಾಲೀಕತ್ವದ ಮೊದಲ ಅಮೆರಿಕನ್ ಟಿವಿ ಠಾಣೆ ಹುಟ್ಟಿತ್ತು. 62ನೇ ಚಾನೆಲ್, ಹೆಸರು ಡಬ್ಲ್ಯೂಜಿಪಿಆರ್. ಫಾಕ್ಸ್ ಗದ್ದಲದಲ್ಲಿ ಮನೆ ಕಳೆದುಕೊಂಡ ಸಿಬಿಎಸ್ ಅಲ್ಲಿ ಬೇರೆ ದಾರಿ ಕಾಣದೆ ಅದನ್ನು ಕೊಂಡುಕೊಂಡು ಹೆಸರನ್ನೂ ಬದಲಿಸಿತು. ಅಷ್ಟು ದೊಡ್ಡ ಜಾಲದ ಸ್ವಂತ ಠಾಣೆಯಾದರೂ 2002ರ ಕೊನೆಯಿಂದ 2023ರ ತನಕ ಅಲ್ಲಿ ಸಂಜೆಯ ಊರ ಸುದ್ದಿ ಇರಲಿಲ್ಲ. ದೊಡ್ಡವರು ಕೊಂಡರೆ ಒಳ್ಳೆಯದಾಗುತ್ತದೆ ಎನ್ನುವವರು ಡೆಟ್ರಾಯ್ಟ್‌ನ ಕಡೆ ನೋಡಲಿ.

ನಮ್ಮ ದೇಶದಲ್ಲಿ ಉಪಗ್ರಹ ಚಾನೆಲ್ಲಿಗೆ ಪರವಾನಗಿ ಸಿಗುವುದು ಕಂಪನಿಗೆ. ಊರಿಗಲ್ಲ, ಜಿಲ್ಲೆಗಲ್ಲ. ಮೇಲಕ್ಕೆ ಕಳಿಸುವ ಅಪ್‌ಲಿಂಕ್, ಕೆಳಕ್ಕೆ ಇಳಿಸುವ ಡೌನ್‌ಲಿಂಕ್, ಇವೆರಡರ ಅನುಮತಿಯಲ್ಲಿ ಐನಾಪುರವೂ ಇಲ್ಲ, ಕಲಬುರಗಿಯೂ ಇಲ್ಲ. ಕಂಪನಿ ಮಾರಿದರೆ ಇಡೀ ಚಾನೆಲ್ಲೇ ಹೋಯಿತು, ಮುಚ್ಚಿದರೆ ಮುಚ್ಚಿತು. ಉದಯ ನ್ಯೂಸ್ 2017ರ ಅಕ್ಟೋಬರಿನಲ್ಲಿ ಹಾಗೆಯೇ ಒಂದು ದಿನ ಬಂದಾಯಿತು. ನಾವು ಮರುದಿನ ಬೇರೆ ಚಾನೆಲ್ ಹಾಕಿಕೊಂಡೆವು. ಅಮೆರಿಕದವರಿಗೆ ಜಾಲ ಹೋದರೂ ಊರಿನ ಠಾಣೆ ಉಳಿಯುತ್ತದೆ. ನಮಗೆ ಜಾಲವೇ ಎಲ್ಲ. ಅದು ಹೋದರೆ ಹಿಂದೆ ಉಳಿಯುವುದು ಬಾಕ್ಸು ಮತ್ತು ವಾಯರು.

ಇದರಿಂದ ಏನು ನಷ್ಟ ಎಂದು ಕೇಳುವವರಿಗೆ ನಮ್ಮದೇ ತಾಲ್ಲೂಕಿನ ಗಡಿಕೇಶ್ವರದ ಮಾತು ಹೇಳುತ್ತೇನೆ. 2021ರ ಅಕ್ಟೋಬರಿನಲ್ಲಿ ಅಲ್ಲಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಭೂಮಿ ಮತ್ತೆ ಮತ್ತೆ ನಡುಗಿತು. ಒಂದು ರಾತ್ರಿಯ ಕಂಪನ 4.1 ದಾಖಲಾಯಿತು. 1993ರ ಕಿಲ್ಲಾರಿ ಭೂಕಂಪ ನೆನಪಿರುವ ಹಿರಿಯರು ಮನೆಯೊಳಗೆ ಮಲಗಲು ಒಪ್ಪಲಿಲ್ಲ. ಜನ ಬಯಲಲ್ಲಿ, ಹೊಲದಲ್ಲಿ ರಾತ್ರಿ ಕಳೆದರು, ಕೆಲವರು ಮಕ್ಕಳನ್ನು ಕರೆದುಕೊಂಡು ಬೇರೆ ಊರಿಗೆ ಹೋದರು. ಬೆಂಗಳೂರಿನ ಸುದ್ದಿ ಚಾನೆಲ್ಲುಗಳು ಬಂದವು, ಪರದೆಯ ಮೇಲೆ ಭೂಮಿ ಬಿರಿಯುವ ಚಿತ್ರ ತೋರಿಸಿದವು, ಹಿನ್ನೆಲೆಗೆ ಢಮಢಮ ಸದ್ದು ಹಾಕಿದವು, ಹೋದವು. ನಮ್ಮ ಜನಕ್ಕೆ ಬೇಕಾಗಿದ್ದದ್ದು ಅದಲ್ಲ. ಇವತ್ತು ರಾತ್ರಿ ಒಳಗೆ ಮಲಗಬಹುದೋ ಬೇಡವೋ, ಕಲ್ಲಿನ ಗೋಡೆಯ ಹಳೆಯ ಮನೆಯವರು ಎಲ್ಲಿಗೆ ಹೋಗಬೇಕು, ನಾಳೆ ಸಾಲಿ ಇದೆಯೋ ಇಲ್ಲವೋ. ಇದನ್ನು ದಿನಾ ಒಂದೇ ಹೊತ್ತಿಗೆ, ನಮಗೆ ತಿಳಿಯುವ ಮಾತಿನಲ್ಲಿ, ಜಿಲ್ಲಾಡಳಿತದ ಒಬ್ಬ ಅಧಿಕಾರಿಯನ್ನೋ ಒಬ್ಬ ವಿಜ್ಞಾನಿಯನ್ನೋ ಕೂರಿಸಿ ಹೇಳಿಸುವ ಟಿವಿ ಬೇಕಿತ್ತು. ಅದು ಇರಲಿಲ್ಲವಾಗಿ ವಾಟ್ಸ್‌ಆ್ಯಪ್‌ನಲ್ಲಿ ಯಾರದೋ ಧ್ವನಿ ಓಡಾಡಿತು: ಇವತ್ತು ರಾತ್ರಿ ಎರಡು ಗಂಟೆಗೆ ದೊಡ್ಡದು ಆಗ್ತದಂತ. ಭೂಕಂಪದ ಹೊತ್ತು ಮೊದಲೇ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ ಎನ್ನುವುದನ್ನು ಆ ರಾತ್ರಿ ನಮ್ಮವರಿಗೆ ಯಾರು ಹೇಳಬೇಕಿತ್ತು?

ಅದೇ ಅಕ್ಟೋಬರಿನಲ್ಲಿ ಇನ್ನೊಂದು ಸುದ್ದಿ ಬಂತು. ದೇಶದ ಹಳೆಯ ಅನಲಾಗ್ ಟಿವಿ ಟವರುಗಳನ್ನು ಪ್ರಸಾರ ಭಾರತಿ ನಿಲ್ಲಿಸುತ್ತಿದೆ, ಗಡಿಯಂಥ ಮಹತ್ವದ ಜಾಗಗಳ ಸುಮಾರು ಐವತ್ತನ್ನು ಬಿಟ್ಟು ಉಳಿದದ್ದೆಲ್ಲ 2022ರ ಮಾರ್ಚ್ 31ರೊಳಗೆ ಬಂದ್ ಎಂದು. ಕಲಬುರಗಿ ದೂರದರ್ಶನವೇ ಮುಚ್ಚುತ್ತದೆಂದು ಗುಲ್ಲಾಯಿತು. ಆಗ ಪ್ರಸಾರ ಭಾರತಿ ಒಂದು ಸ್ಪಷ್ಟನೆ ಕೊಟ್ಟಿತು. ಸಿಲ್ಚರ್, ಕಲಬುರಗಿಯಂಥ ಕೇಂದ್ರಗಳು ಮುಚ್ಚುವುದಿಲ್ಲ, ಅವು ಕಾರ್ಯಕ್ರಮ ತಯಾರಿಸುತ್ತವೆ, ಅದು ಆಯಾ ರಾಜ್ಯದ ಉಪಗ್ರಹ ಚಾನೆಲ್ಲಿನಲ್ಲಿ, ಯೂಟ್ಯೂಬಿನಲ್ಲಿ ಬರುತ್ತದೆ ಎಂದು.

ಅನಲಾಗ್ ಟವರ್ ಬಂದಾದದ್ದಕ್ಕೆ ನಾನು ಅಳುವುದಿಲ್ಲ. ಆ ಧಂಧೆಯಲ್ಲೇ ಇದ್ದವನು ನಾನು, ಬಿದಿರಿಗೆ ಆಂಟೆನಾ ಕಟ್ಟುವವರು ಯಾರೂ ಉಳಿದಿಲ್ಲವೆಂದು ಗೊತ್ತು. ಕರೆಂಟ್ ಬಿಲ್ಲು ಕಟ್ಟಿ ಯಾರೂ ನೋಡದ ಸಿಗ್ನಲ್ ಬಿಡುವುದರಲ್ಲಿ ಅರ್ಥವಿಲ್ಲ. ನಾನು ಹಿಡಿದಿರುವುದು ಆ ಸ್ಪಷ್ಟನೆಯ ಎರಡನೆಯ ಭಾಗವನ್ನು. ಕಲಬುರಗಿಯಲ್ಲಿ ಕಾರ್ಯಕ್ರಮ ತಯಾರಾಗುತ್ತದೆ ಅಂದಿರಲ್ಲ, ಯಾವ ದಿನ, ಎಷ್ಟು ಗಂಟೆಗೆ? ಈ ಪ್ರಶ್ನೆಯನ್ನು ಐನಾಪುರದ ಹೋಟೆಲಿನಲ್ಲಿ ಚಹಾ ಕುಡಿಯುವವರನ್ನು ಕೇಳಿ ನೋಡಿ. ಉತ್ತರ ಹೇಳುವವರು ಸಿಗುವುದಿಲ್ಲ. ರೈಲಿಗೆ ಟೈಮ್ ಇರುತ್ತದೆ, ನಳಕ್ಕೆ ನೀರು ಬಿಡಲೂ ಟೈಮ್ ಇರುತ್ತದೆ. ಟೈಮ್ ಇಲ್ಲದ ಟಿವಿ ಕಾರ್ಯಕ್ರಮಕ್ಕೆ ನೋಡುಗರು ಹುಟ್ಟುವುದಿಲ್ಲ, ಆಮೇಲೆ ನೋಡುಗರಿಲ್ಲ ಎಂದು ಅದನ್ನೇ ನಿಲ್ಲಿಸುತ್ತಾರೆ.

2024ರ ಏಪ್ರಿಲ್‌ನಲ್ಲಿ ಡಿಡಿ ನ್ಯೂಸ್ ಲಾಂಛನದ ಬಣ್ಣ ಕೆಂಪಿನಿಂದ ಕೇಸರಿಗೆ ತಿರುಗಿದಾಗ ದೇಶವೆಲ್ಲ ವಾದ ಮಾಡಿತು. ಮಾಡಲಿ, ಅದೂ ಬೇಕು. ಆದರೆ ನಾಲ್ಕೂವರೆ ದಶಕದ ಟಿವಿ ಕೇಂದ್ರವೊಂದರ ಪಾಲಿಗೆ ದಿನಕ್ಕೆಷ್ಟು ಹೊತ್ತು ಎಂಬ ಬಗ್ಗೆ ಅದರ ಕಾಲುಭಾಗ ವಾದವೂ ನಡೆಯಲಿಲ್ಲ. ಬಣ್ಣ ಕಣ್ಣಿಗೆ ಕಾಣುತ್ತದೆ, ಕಾಣೆಯಾದ ಕಾರ್ಯಕ್ರಮ ಕಾಣುವುದಿಲ್ಲ.

ನಾವು ಕೇಬಲ್‌ನವರು ಸುಮ್ಮನೆ ಕೂತಿರಲಿಲ್ಲ. ಅನಲಾಗ್ ಕಾಲದಲ್ಲಿ ಬಹುತೇಕ ಎಲ್ಲ ಊರಿನ ಕೇಬಲ್ಲಿಗೂ ಒಂದು ಸ್ವಂತ ಚಾನೆಲ್ ಇರುತ್ತಿತ್ತು. ನಮ್ಮಲ್ಲೂ ಇತ್ತು. ಜಾತ್ರೆಯ ತೇರು, ಶಾಲೆಯ ಗ್ಯಾದರಿಂಗ್, ಯಾರದೋ ಮದುವೆ, ಹೊಸ ಸಿನೆಮಾ (ಅದರ ಹಕ್ಕಿನ ಮಾತು ಇಲ್ಲಿ ಬೇಡ), ಕೆಳಗೆ ಓಡುವ ಪಟ್ಟಿಯಲ್ಲಿ “ಕರಿ ಎಮ್ಮೆ ಕಳೆದಿದೆ, ಕಂಡವರು ತಿಳಿಸಿ”. ಎಮ್ಮೆ ಸಿಕ್ಕದ್ದೂ ಉಂಟು. ಮುಲ್ಲಾಮಾರಿ ತುಂಬಿ ಹರಿದಾಗ ಯಾವ ಸೇತುವೆಯ ಮೇಲೆ ನೀರು ಬಂದಿದೆ ಎಂದು ಹಾಕುತ್ತಿದ್ದೆವು. ಅದು ಚಂದದ ಟಿವಿಯೇನಲ್ಲ, ಅಕ್ಷರ ತಪ್ಪು, ಕ್ಯಾಮೆರಾ ನಡುಗುವುದು ಎಲ್ಲ ಇತ್ತು. ಆದರೆ ಜನ ಧಾರಾವಾಹಿಯ ಜಾಹೀರಾತಿನ ನಡುವೆ ಒಮ್ಮೆ ಅದಕ್ಕೆ ಹಾರಿ ನೋಡಿಕೊಂಡು ಬರುತ್ತಿದ್ದರು.

2017ರ ಮಾರ್ಚ್‌ಗೆ ಹಳ್ಳಿಗಳಲ್ಲೂ ಡಿಜಿಟಲ್ ಕಡ್ಡಾಯವಾಯಿತು. ಮನೆಮನೆಗೆ ಸೆಟ್‌ಟಾಪ್ ಬಾಕ್ಸ್. ನಮ್ಮ ಕೋಣೆಯ ಮಾಡ್ಯುಲೇಟರ್‌ಗಳು ಗುಜರಿಗೆ ಹೋದವು. ಸಿಗ್ನಲ್ ದೂರದ ನಗರದಿಂದ ಫೈಬರಿನಲ್ಲಿ ಬರುವುದು, ನಮ್ಮದು ಹಂಚುವುದು, ರಿಚಾರ್ಜ್ ಮಾಡುವುದು. ಚಿತ್ರ ಸ್ವಚ್ಛವಾಯಿತು, ಸುಳ್ಳು ಹೇಳುವುದಿಲ್ಲ. ಊರಿನ ಚಾನೆಲ್ ಹೋಯಿತು. ನಮಗೆ ಲಿಂಕ್ ಕೊಡುವ ಕಂಪನಿಗೆ ಕೇಳಿದೆ, ಒಂದು ಜಾಗ ಕೊಡ್ರಿ ಎಂದು. ಅವರು ಹೇಳಿದ ಬಾಡಿಗೆ ನಮ್ಮ ತಿಂಗಳ ವಸೂಲಿಗಿಂತ ಜಾಸ್ತಿ ಇತ್ತು. 2019ರಲ್ಲಿ ಟ್ರಾಯ್‌ನ ಹೊಸ ದರ ಬಂತು, ನೂರು ಚಾನೆಲ್ಲಿಗೆ 130 ರೂಪಾಯಿ, ಮೇಲೆ ಜಿಎಸ್‌ಟಿ, ಪೇ ಚಾನೆಲ್ಲಿಗೆ ಬೇರೆ. ಜನ ಬೇಕಾದ್ದನ್ನು ಆರಿಸಿಕೊಳ್ಳಬಹುದು ಅಂದರು. ಆ ಪಟ್ಟಿಯಲ್ಲಿ ನೂರಾರು ಚಾನೆಲ್ ಇದ್ದವು, ಕಲಬುರಗಿಯದೆಂಬುದು ಒಂದೂ ಇರಲಿಲ್ಲ. 2022ರ ನವೆಂಬರಿನಲ್ಲಿ ಸ್ಥಳೀಯ ಚಾನೆಲ್ಲುಗಳಿಗೆ ಕೇಂದ್ರ ಸರ್ಕಾರ ನಿಯಮ ತಂದಿತು. ಚಾನೆಲ್ಲಿಗೆ ಒಂದು ಸಾವಿರ ರೂಪಾಯಿ ನೋಂದಣಿ, ಅದೇನೂ ಭಾರವಲ್ಲ. ಆದರೆ ಊರ ಸುದ್ದಿ ಹಾಕಬೇಕಾದರೆ ಕಂಪನಿಯಾಗಿ ನೋಂದಾಯಿಸಿರಬೇಕು. ಕಂಪನಿ ಮಾಡಿ, ಲೆಕ್ಕಪರಿಶೋಧಕನಿಗೆ ದುಡ್ಡು ಕೊಟ್ಟು, ಎಮ್ಮೆ ಕಳೆದ ಸುದ್ದಿ ಹಾಕುವವ ಯಾವ ಹಳ್ಳಿಯಲ್ಲಿದ್ದಾನೆ?

“ಈಗೆಲ್ಲಾ ಯೂಟ್ಯೂಬ್ ಅದಲ್ಲ ಕಾಕಾ” ಎನ್ನುತ್ತಾರೆ ಹುಡುಗರು. ಅದೆ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ, ಎಲ್ಲ ಕಡೆ ಮೈಕಿಗೆ ಒಂದು ಹೆಸರು ಅಂಟಿಸಿಕೊಂಡು ಹುಡುಗರು ಓಡಾಡುತ್ತಾರೆ. ಅವರಲ್ಲಿ ನಿಜವಾಗಿ ಕೆಲಸ ಮಾಡುವವರು ಇದ್ದಾರೆ. ಅಂಗನವಾಡಿಯ ಸೂರು ಸೋರುವುದು, ಗುತ್ತಿಗೆ ಕಾರ್ಮಿಕರ ಪಗಾರ ನಿಂತದ್ದು ಇವರಿಂದಲೇ ಹೊರಬಿದ್ದದ್ದನ್ನು ನೋಡಿದ್ದೇನೆ. ಜಾಹೀರಾತು ಕೊಡದಿದ್ದರೆ ಸುದ್ದಿ ಹಾಕುತ್ತೇವೆ ಎನ್ನುವವರನ್ನೂ ನೋಡಿದ್ದೇನೆ. ಆದರೆ ಮುಖ್ಯ ತಕರಾರು ಬೇರೆ. ಯೂಟ್ಯೂಬ್ ಹುಡುಕಿದವರಿಗೆ ಸಿಗುತ್ತದೆ. ಟಿವಿ ಹುಡುಕದವರಿಗೂ ಸಿಗುತ್ತದೆ. ಹೊಲದಿಂದ ಬಂದು ಕಾಲು ಚಾಚಿ ಕೂತ ಮುತ್ಯಾ, ರಿಮೋಟಿನ ಎರಡು ಗುಂಡಿ ಬಿಟ್ಟು ಮೂರನೆಯದು ಗೊತ್ತಿಲ್ಲದ ಆಯಿ, ಇವರಿಗೆ ಸುದ್ದಿ ತಾನಾಗಿ ಎದುರು ಬಂದು ಕೂರಬೇಕು. 2022ರ ಹಂಗಾಮಿನಲ್ಲಿ ತೊಗರಿಗೆ ನೆಟೆ ರೋಗ ಬಂದು ಗಿಡ ನಿಂತಲ್ಲೇ ಒಣಗಿದಾಗ ಪರಿಹಾರದ ಅರ್ಜಿ ಎಲ್ಲಿ ಕೊಡಬೇಕು, ಯಾವ ಕಾಗದ ಬೇಕು ಎನ್ನುವುದು ಮೊಬೈಲ್ ಇದ್ದ ಮಗನ ಮನೆಗೆ ಮೊದಲು ತಿಳಿಯಿತು, ಇಲ್ಲದ ಮನೆಗೆ ತಡವಾಗಿ ತಿಳಿಯಿತು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಬೇಳೆಗೆ ಊರಿನ ಹೆಸರು ಸಿಕ್ಕಿದ ಜಿಲ್ಲೆಯಲ್ಲಿ ಟಿವಿಗೆ ಸಿಕ್ಕಿಲ್ಲ.

ಮಾಡುವುದಿದ್ದರೆ ದಾರಿ ಸಿದ್ಧವಾಗಿಯೇ ಇದೆ. ಹೊಸ ಟವರ್ ಬೇಡ, ಹೊಸ ಚಾನೆಲ್ ಬೇಡ. 1995ರ ಕೇಬಲ್ ಕಾಯ್ದೆಯ ಪ್ರಕಾರ ಸರ್ಕಾರ ಸೂಚಿಸಿದ ದೂರದರ್ಶನ ಚಾನೆಲ್ಲುಗಳನ್ನು ಪ್ರತಿ ಕೇಬಲ್‌ನವನೂ ತೋರಿಸಲೇಬೇಕು. ಚಂದನ ಎಲ್ಲ ಬಾಕ್ಸಿನಲ್ಲೂ ಇದೆ, ದುಡ್ಡು ಕೊಡದ ಫ್ರೀ ಡಿಶ್‌ನಲ್ಲೂ ಇದೆ. ಕಲಬುರಗಿಯಲ್ಲಿ ಕೇಂದ್ರ ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಲ್ಲಿ ಪ್ರತಿ ವರ್ಷ ಸಾವಿರಾರು ಕೋಟಿಯ ಯೋಜನೆ ಆಗುತ್ತದೆ. ಅದರಲ್ಲಿ ಒಂದು ಸಣ್ಣ ಪಾಲನ್ನು ಈ ಕೆಲಸಕ್ಕೆ ತೆಗೆದಿಟ್ಟು, ಪ್ರಸಾರ ಭಾರತಿಯ ಜೊತೆ ಕರಾರು ಮಾಡಿಕೊಂಡರೆ ನಮ್ಮ ಜಿಲ್ಲೆಗಳ ಸುದ್ದಿ, ಮಳೆ, ಪೇಟೆ ಧಾರಣೆ, ಆಸ್ಪತ್ರೆ, ಸಾಲಿ, ಜಾತ್ರೆ ಎಲ್ಲ ದಿನಾ ಅರ್ಧ ಗಂಟೆಯಲ್ಲಿ ಹಿಡಿಯುತ್ತವೆ. ನಡುವೆ ನಮ್ಮ ಮಾತಿನ ಧಾಟಿ ಕೇಳಲಿ. ಬೆಂಗಳೂರಿನ ಧಾರಾವಾಹಿಗಳಲ್ಲಿ ನಮ್ಮ ಮಾತು ಬರುವುದು ನಗಿಸುವ ಅಡುಗೆಯವನ ಬಾಯಿಂದ ಮಾತ್ರ. ವಾರಕ್ಕೊಮ್ಮೆ ಲಂಬಾಣಿ ಮಾತಿಗೆ, ಉರ್ದುವಿಗೆ ಒಂದಿಷ್ಟು ಜಾಗ ಕೊಟ್ಟರೆ ತಾಂಡಾದವರೂ ಕೂತು ನೋಡುತ್ತಾರೆ. ಜೊತೆಗೆ ಸಣ್ಣ ಕೇಬಲ್‌ನವರು ಕಂಪನಿಯಾಗದೆ ಸಹಕಾರ ಸಂಘವಾಗಿ ಸೇರಿ ಊರ ಸುದ್ದಿ ಹಾಕಲು ಅನುಮತಿ ಕೊಡಲಿ.

ಕಲರ್ಸ್ ನಾಳೆ ಇನ್ನೊಂದು ಹೆಸರಿಟ್ಟುಕೊಳ್ಳಲಿ, ಸುವರ್ಣ ಅದರಲ್ಲಿ ಸೇರಿಹೋಗಲಿ. ಅವರ ಅಂಗಡಿ, ಅವರ ಫಲಕ. ಚಂದನ ನಮ್ಮ ತೆರಿಗೆಯ ಹಣದ್ದು, ಅಲ್ಲಿ ಕೇಳುವ ಹಕ್ಕು ನಮಗಿದೆ. ಇದನ್ನು ಓದಿದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯವರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಶಾಸಕರಿಗೊಂದು, ಸಂಸದರಿಗೊಂದು, ಬೆಂಗಳೂರು ದೂರದರ್ಶನ ಕೇಂದ್ರಕ್ಕೊಂದು ಕಾರ್ಡು ಬರೆಯಿರಿ. ಉದ್ದ ಬರೆಯುವುದು ಬೇಡ. ದಿನಾ ಸಂಜೆ ಆರೂವರೆಗೆ ಚಂದನದಲ್ಲಿ ಕಲಬುರಗಿ ಕೇಂದ್ರದಿಂದ ಅರ್ಧ ಗಂಟೆ ಬೇಕು, ಯಾವ ತಾರೀಖಿನಿಂದ ಶುರು ಮಾಡುತ್ತೀರಿ ತಿಳಿಸಿ ಎಂದು ಬರೆದರೆ ಸಾಕು.